ಹೇಳಿದ್ದನ್ನೆಲ್ಲ ಮರೆತ ಸಿಂಗಶೆಟ್ಟಿ

ಕುಡಿಯುವ ನೀರಿಗೆ ಮಣ್ಣಿನ ವಾಸನೆ ಇದ್ದ ಕಾಲದ ಮಾತು ಇದು. ಆಗ ಮನೆ ಮನೆಯ ಮೂಲೆಯಲ್ಲೂ ಒಂದು ಮಡಕೆ, ಮಡಕೆಯ ಬುಡಕ್ಕೆ ಒದ್ದೆ ಮರಳು, ಆ ಮರಳಲ್ಲಿ ಯಾರೂ ಬಿತ್ತದೆ ಹುಟ್ಟಿದ ಎರಡು ರಾಗಿ ಪೈರು. ಸಂಜೆಯಾದರೆ ಕುಂಬಾರಗೇರಿಯಿಂದ ಮಡಕೆ ತಟ್ಟುವ ಸದ್ದು, ಟಪ್ ಟಪ್, ಟಪ್ ಟಪ್. ಆ ಸದ್ದು ಕೇಳಿಸಿದರೆ ಆಡುವ ಮಕ್ಕಳಿಗೆ ಮನೆಗೆ ಹೋಗುವ ಹೊತ್ತಾಯಿತು ಅಂತ ಗೊತ್ತಾಗುತ್ತಿತ್ತು. ಈಗ ಆ ಕೇರಿಯೂ ಇಲ್ಲ, ಆ ಸದ್ದೂ ಇಲ್ಲ. ಇರಲಿ. ಕತೆಯಾದರೂ ಉಳಿದಿದೆಯಲ್ಲ, ಹತ್ತಿರ ಬನ್ನಿ. ನಡುನಡುವೆ ಹೂಂಗುಟ್ಟಬೇಕು, ತೂಕಡಿಸಿದವರಿಗೆ ನಾನು ಹೇಳುವುದಿಲ್ಲ.

ಆ ಕೇರಿಯಲ್ಲಿ ಹೊಂಬಾಳಮ್ಮ ಅಂತ ಒಬ್ಬಳು. ಗಂಡ ಕೆಂಪಶೆಟ್ಟಿ ತೀರಿಹೋಗಿ ಹತ್ತು ವರ್ಷ. ಇದ್ದವನು ಒಬ್ಬನೇ ಮಗ, ಸಿಂಗಶೆಟ್ಟಿ. ವಯಸ್ಸು ಮೂವತ್ತು. ಮೀಸೆ ಹೊತ್ತಿಗೆ ಸರಿಯಾಗಿ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಹೇಳದಿದ್ದರೆ ಏನನ್ನೂ ಮಾಡ. ಹೇಳಿದರೆ ಹೇಳಿದಷ್ಟೇ ಮಾಡುವ. "ಉಣ್ಣೋ" ಅಂದರೆ ಉಣ್ಣುವ. "ಸಾಕು ಏಳೋ" ಅನ್ನದಿದ್ದರೆ ಖಾಲಿ ತಟ್ಟೆಯ ಮುಂದೆ ಸಂಜೆವರೆಗೂ ಕೂತಿರುವ.

ಕೇರಿಯವರು ನಗುತ್ತಿದ್ದರು. ಹೊಂಬಾಳಮ್ಮನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅವಳ ಮಂಡಿ ಸೋತಿತ್ತು, ಕಣ್ಣು ಮಂಜಾಗಿತ್ತು. ಅವಳ ಎದೆಯಲ್ಲಿ ಕೂತಿದ್ದದ್ದು ಒಂದೇ ಚಿಂತೆ. "ನಾನಿರೋ ಗಂಟ ನಾನು ಹೇಳ್ತೀನಿ. ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಉಣ್ಣು ಅನ್ನೋರು ಯಾರು, ಏಳು ಅನ್ನೋರು ಯಾರು?" ಅದಕ್ಕೇ ಅವಳು ಇದ್ದಬದ್ದ ಬುದ್ಧಿವಾದವನ್ನೆಲ್ಲ ಬದುಕಿರುವಾಗಲೇ ಮಗನ ತಲೆಗೆ ತುಂಬಿ ಹೋಗಬೇಕು ಅಂತ ಹೊರಟಳು. ತುಂಬಿದ್ದು ಚೆನ್ನಾಗೇ ತುಂಬಿತು!

ಒಂದು ದಿನ ಆಲದೂರಿನ ಪಟೇಲರ ಮನೆಗೆ ನಾಲ್ಕು ಮಡಕೆ ಕೊಟ್ಟುಬರಬೇಕಾಗಿತ್ತು. ಹೊಂಬಾಳಮ್ಮ ಮಗನ ತಲೆಗೆ ಸಿಂಬೆ ಇಟ್ಟಳು, ಸಿಂಬೆಯ ಮೇಲೆ ಮಡಕೆ ಏರಿಸಿದಳು.

"ನೋಡ್ಲಾ ಮಗ, ಗಟ್ಟಿಯಾಗಿ ಹಿಡ್ಕೊ. ಕೈ ಬಿಡಬ್ಯಾಡ. ಯಾರು ಏನೇ ಅಂದ್ರೂ ಕೆಳಗೆ ಇಳಿಸಬ್ಯಾಡ!"

"ಆಗ್ಲಿ ಕಣವ್ವ!"

ಹೋದ. ಗಟ್ಟಿಯಾಗಿ ಹಿಡಿದುಕೊಂಡೇ ಹೋದ. ಪಟೇಲರ ಹೆಂಡತಿ ಬಾಗಿಲಿಗೆ ಬಂದು, "ಬಾ ಸಿಂಗ, ಇಳಿಸಪ್ಪ" ಅಂದಳು.

"ಇಳಿಸಾಕಿಲ್ಲ!"

"ಯಾಕೋ?"

"ಅವ್ವ ಇಳಿಸಬ್ಯಾಡ ಅಂದವಳೆ!"

ಪಟೇಲರ ಹೆಂಡತಿ ಬೇಡಿಕೊಂಡಳು, ಗದರಿದಳು, ಬೆಲ್ಲ ತೋರಿಸಿದಳು. ಆಳುಗಳು ಬಂದು ಎಳೆದಾಡಿದರು. ಸಿಂಗ ಕೈ ಬಿಡಲಿಲ್ಲ. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಕತ್ತು ನೆಟ್ಟಗೆ ಮಾಡಿಕೊಂಡು ಹೋದವನು ಕತ್ತು ನೆಟ್ಟಗೆ ಮಾಡಿಕೊಂಡೇ ವಾಪಸು ಬಂದ. ನಾಲ್ಕು ಮಡಕೆಯೂ ತಲೆಯ ಮೇಲೆ ಹಾಗೇ ಇದ್ದವು.

"ಅಯ್ಯೋ ನನ್ನ ಕರ್ಮವೇ!" ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು. "ಇಳಿಸಬ್ಯಾಡ ಅಂದಿದ್ದು ದಾರೀಲಿ ಕಣ್ಲಾ! ಹೇಳಿದ ಮನೆ ಬಂದ ತಕ್ಷಣ ಕೈ ಬಿಡಬೇಕು! ತಕ್ಷಣ! ತಿಳೀತಾ?"

"ತಿಳೀತು ಕಣವ್ವ! ಮನೆ ಬಂದ ತಕ್ಷಣ ಕೈ ಬಿಡಬೇಕು!"

ಎರಡು ದಿನ ಕಳೆಯಿತು. ಪಕ್ಕದ ಬೀದಿಯ ಚಿಕ್ಕಜ್ಜಿ ಬಾವಿಕಟ್ಟೆಯಲ್ಲಿ ಕಾಲು ಉಳುಕಿಸಿಕೊಂಡು ಕೂತಿದ್ದಳು. ಹೊಂಬಾಳಮ್ಮ ಮಗನನ್ನು ಕರೆದು, "ಅಜ್ಜೀನ ಬೆನ್ನ ಮೇಲೆ ಹೊತ್ಕೊಂಡೋಗಿ ಅವ್ರ ಮನೆ ಮುಟ್ಟಿಸಿ ಬಾ" ಅಂದಳು.

ಸಿಂಗ ಹೊತ್ತ. ಹೂವಿನ ಹಾಗೆ ಹೊತ್ತ. ಚಿಕ್ಕಜ್ಜಿ ದಾರಿಯುದ್ದಕ್ಕೂ ಹರಸುತ್ತಾ ಬಂದಳು. "ನಿನ್ನ ಹೊಟ್ಟೆ ತಣ್ಣಗಿರಲಪ್ಪ, ನಿನ್ನ ಬೆನ್ನು ಗಟ್ಟಿಯಾಗಿರಲಪ್ಪ!" ಅಜ್ಜಿಯ ಮನೆ ಬಂತು. ಹೊಸಲು ಬಂತು. ಸಿಂಗ ತಕ್ಷಣ ಕೈ ಬಿಟ್ಟ.

ದೊಪ್!

ಅಲ್ಲಿವರೆಗೂ ಹರಸಿದ ಬಾಯಲ್ಲಿ ಆಮೇಲೆ ಬಂದ ಮಾತುಗಳನ್ನು ನಾನು ಹೇಳಲಾರೆ, ಮಕ್ಕಳಿದ್ದಾರೆ.

ಹೊಂಬಾಳಮ್ಮ ಅಜ್ಜಿಯ ಸೊಂಟಕ್ಕೆ ಎಣ್ಣೆ ತಿಕ್ಕಿ ಬಂದು ಮಗನ ಎದುರು ನಿಂತಳು. "ಕೈ ಬಿಡು ಅಂದ್ರೆ ಎತ್ತಿ ಹಾಕು ಅಂತೇನ್ಲಾ? ಮೆತ್ತಗೆ ಹುಲ್ಲಿನ ಮೇಲೆ ಇಳಿಸಬೇಕು. ಬೆರಳು ಮಡಿಸಿ ಕುಟ್ಟಿ ನೋಡಬೇಕು. ಟಣ್ ಅಂದ್ರೆ ಸರಿ, ಬದ್ ಅಂದ್ರೆ ಒಳಗೆ ಬಿರುಕೈತೆ ಅಂತ. ನಿಮ್ಮಪ್ಪ ಮಡಕೇನ ಹಂಗೇ ನೋಡ್ತಿದ್ದ. ನಿನಗೆ ಅಷ್ಟೂ ಗೊತ್ತಾಗಾಕಿಲ್ವಾ?"

ಪಾಪ, ಬಯ್ಯುತ್ತಾ ಬಯ್ಯುತ್ತಾ ಗಂಡನ ನೆನಪಾಗಿ ಅಜ್ಜಿಯನ್ನು ಬಿಟ್ಟು ಮಡಕೆಗೆ ಹೋಗಿದ್ದಳು. ಮಗನಿಗೆ ಅದೆಲ್ಲ ಎಲ್ಲಿ ತಿಳಿಯಬೇಕು?

"ತಿಳೀತು ಕಣವ್ವ! ಹುಲ್ಲಿನ ಮೇಲೆ ಮೆತ್ತಗೆ ಇಳಿಸಿ ಕುಟ್ಟಿ ನೋಡಬೇಕು!"

ಅಷ್ಟರಲ್ಲಿ ಮದುವೆ ಕಾಲ ಬಂತು. ಆಗೆಲ್ಲ ಮದುವೆ ಅಂದರೆ ಐರಾಣಿ ಮಡಕೆ ಇಲ್ಲದೆ ಆಗುತ್ತಿರಲಿಲ್ಲ. ಸುಣ್ಣ ಕೆಮ್ಮಣ್ಣಿನಲ್ಲಿ ಚಿತ್ತಾರ ಬರೆದ ಆ ಮಡಕೆಗಳನ್ನು ಒಯ್ಯಲು ಗಂಡಿನ ಕಡೆಯವರು ವಾಲಗ ಊದಿಸಿಕೊಂಡು ಕುಂಬಾರನ ಮನೆಗೇ ಬರಬೇಕು. ಎಂಥ ಶ್ರೀಮಂತನಾದರೂ ಅವತ್ತು ಕುಂಬಾರನ ಬಾಗಿಲಲ್ಲಿ ನಿಲ್ಲಬೇಕು. ಎಷ್ಟು ಚೆಂದದ ಪದ್ಧತಿ ನೋಡಿ!

ಅವತ್ತು ಬಂದವನು ಮದುಮಗನ ದೊಡ್ಡಪ್ಪ. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಬೋಳುತಲೆ, ಬೆವರಿಗೆ ಥಳಥಳ ಅನ್ನುತ್ತಿತ್ತು. ಬಿಸಿಲಿಗೆ ಸುಸ್ತಾಗಿ ಒಂದು ಕಡೆಗೆ ವಾಲಿದ. ಸಿಂಗ ಓಡಿಹೋಗಿ ಅವನನ್ನು ತಬ್ಬಿ ಹಿಡಿದ. ಮೆತ್ತಗೆ ಎತ್ತಿ ಮೆತ್ತಗೆ ಹುಲ್ಲಿನ ಮೇಲೆ ಕೂರಿಸಿದ. ದೊಡ್ಡಪ್ಪನಿಗೆ ಬಹಳ ಸಂತೋಷವಾಯಿತು. "ಎಂಥ ಮರ್ಯಾದಸ್ಥ ಹುಡುಗ!" ಅಂದ.

ಸಿಂಗ ಬೆರಳು ಮಡಿಸಿ ಆ ಬೋಳುತಲೆಗೆ ಕುಟ್ಟಿದ. ಕಿವಿ ಇಟ್ಟು ಕೇಳಿದ. ಮತ್ತೆ ಕುಟ್ಟಿದ.

"ಅವ್ವಾ! ಇದು ಬದ್ ಅಂತೈತೆ! ಒಳಗೆ ಬಿರುಕೈತೆ, ಕೊಡಬ್ಯಾಡ!"

ವಾಲಗ ನಿಂತಿತು. ದೊಡ್ಡಪ್ಪ ಕೆಂಪಾದ. ಹೊಂಬಾಳಮ್ಮ ಕೈಮುಗಿದಳು, ಕಾಲು ಹಿಡಿದಳು, ಒಂದು ಐರಾಣಿ ಹೆಚ್ಚಿಗೆ ಕೊಟ್ಟು ಕಳಿಸಿದಳು. ದಿಬ್ಬಣ ಬೀದಿಯ ತಿರುವು ದಾಟಿದ ಮೇಲೆ ಮಗನ ಕಡೆ ತಿರುಗಿದಳು.

"ಜನರ ಮೈ ಮುಟ್ತಾರೇನ್ಲಾ? ದೊಡ್ಡೋರು ನಿನ್ನ ಮುಂದೆ ಹಾದುಹೋದ್ರೆ ದೂರ ನಿಂತು ಕೈ ಮುಗೀಬೇಕು. 'ಹೋಗ್ಬುಟ್ಟು ಬನ್ನಿ ಸ್ವಾಮಿ, ಬೇಗ ಬನ್ನಿ' ಅಂತ ನಗ್ತಾ ಹೇಳಬೇಕು. ಅಷ್ಟೇ!"

"ತಿಳೀತು ಕಣವ್ವ!"

ತಿಳಿಯದೇ ಇದ್ದಿದ್ದರೆ ಚೆನ್ನಾಗಿತ್ತು. ಮಾರನೆಯ ವಾರ ಊರಿನ ಮುದಿಗೌಡ ಸತ್ತ. ಬದುಕಿದ್ದಾಗ ಮೂರು ಜನ ಸೊಸೆಯರನ್ನೂ ಅಳಿಸಿದ್ದ, ಸತ್ತ ಮೇಲೆ ಅವರೇ ಅತ್ತರು. ಎಷ್ಟು ನಿಜ, ಎಷ್ಟು ಸುಳ್ಳು ಅಂತ ನನ್ನನ್ನು ಕೇಳಬೇಡಿ. ಮಸಣಕ್ಕೂ ಕುಂಬಾರನ ಮಡಕೆಯೇ ಬೇಕು. ಸಿಂಗ ಮಡಕೆ ಒಯ್ದುಕೊಟ್ಟು ಬೀದಿ ಬದಿಯಲ್ಲಿ ನಿಂತ. ಚಟ್ಟ ಅವನ ಮುಂದೆ ಹಾದುಹೋಯಿತು. ದೊಡ್ಡವರು ಹಾದುಹೋದರಲ್ಲ! ಸಿಂಗ ದೂರ ನಿಂತ, ಕೈ ಮುಗಿದ, ಹಲ್ಲು ಬಿಟ್ಟು ನಕ್ಕ.

"ಹೋಗ್ಬುಟ್ಟು ಬನ್ನಿ ಗೌಡ್ರೇ! ಬೇಗ ಬನ್ನಿ!"

ಮೂರೂ ಸೊಸೆಯರು ಒಟ್ಟಿಗೆ ಕಿರುಚಿಕೊಂಡರು. ಆ ಕಿರುಚು ಮಾತ್ರ ಪೂರಾ ನಿಜವಾಗಿತ್ತು. ಚಟ್ಟ ಹೊತ್ತವರಲ್ಲಿ ಒಬ್ಬನ ಕೈ ಜಾರಿ, ಗೌಡ ನಿಜವಾಗಿಯೂ ಒಂದು ಹೆಜ್ಜೆ ವಾಪಸು ಬಂದಂತಾಯಿತು.

ಮನೆಗೆ ಬಂದ ಮಗನ ಮೇಲೆ ಹೊಂಬಾಳಮ್ಮ ಪೊರಕೆ ಎತ್ತಿದಳು. "ಸಾವಿನ ಮನೇಲಿ ಬತ್ತೀನಿ ಅನ್ನಬಾರದು, ಬನ್ನಿ ಅನ್ನಬಾರದು! ಅಲ್ಲಿಂದ ಹೊರಟ್ರೆ ಹಿಂದಕ್ಕೆ ತಿರುಗಿ ನೋಡಬಾರದು! ಯಾರು ಕೂಗಿದ್ರೂ ಓ ಅನ್ನಬಾರದು! ತಲೆ ಬಗ್ಗಿಸ್ಕೊಂಡು ನೆಟ್ಟಗೆ ಮನೆಗೆ ಬರಬೇಕು, ತಿಳೀತಾ?"

"ತಿಳೀತು ಕಣವ್ವ! ತಿರುಗಿ ನೋಡಬಾರದು! ಓ ಅನ್ನಬಾರದು!"

ಇಷ್ಟು ಹೊತ್ತು ನಕ್ಕಿರಿ. ಈಗ ಸ್ವಲ್ಪ ಸುಮ್ಮನಿರಿ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕುಂಬಾರರು ವರ್ಷಕ್ಕಾಗುವಷ್ಟು ಜೇಡಿಮಣ್ಣು ತೆಗೆದಿಟ್ಟುಕೊಳ್ಳುತ್ತಾರೆ. ತಾಯಿ ಮಗ ಇಬ್ಬರೂ ಬೆಳಿಗ್ಗೆಯೇ ಹೋದರು. ಹೊಂಬಾಳಮ್ಮ ಗುಂಡಿಗೆ ಇಳಿದು ಅಗೆದಳು, ಸಿಂಗ ಕುಕ್ಕೆ ಹೊತ್ತ. ಮಧ್ಯಾಹ್ನವಾಗುವಷ್ಟರಲ್ಲಿ ಕೊನೆಯ ಕುಕ್ಕೆ ತುಂಬಿತು. "ನಡಿ, ಮನೆಗೆ ಹೋಗು, ಹಿಂದೇ ಬತ್ತೀನಿ" ಅಂದಳು. ಸಿಂಗ ಹೊರಟ. ಅವನು ಹತ್ತು ಮಾರು ಹೋಗಿರಬಹುದು, ಗುಂಡಿಯ ದಂಡೆ ಕುಸಿಯಿತು. ಹೊಂಬಾಳಮ್ಮ ಸೊಂಟದವರೆಗೂ ಕೆಸರಲ್ಲಿ ಹೂತುಹೋದಳು.

"ಸಿಂಗಾ! ಲೋ ಸಿಂಗಾ!"

ಅವನ ಕಾಲು ನಿಂತಿತು. ಅವಳು ಕಂಡಳು, ನಿಂತದ್ದು ನಿಜ. ಹೆಗಲು ಈ ಕಡೆ ಅರ್ಧ ತಿರುಗಿತು. ಮತ್ತೆ ನೆಟ್ಟಗಾಯಿತು. ತಲೆ ಬಗ್ಗಿಸಿಕೊಂಡು ಸಿಂಗ ನಡೆದ.

ಹೊಂಬಾಳಮ್ಮ ಮತ್ತೆ ಕೂಗಲಿಲ್ಲ. ಕೂಗಿದರೂ ಪ್ರಯೋಜನವಿಲ್ಲ ಅಂತ ಅವಳಿಗೆ ಗೊತ್ತಾಯಿತು. ಮಗನನ್ನು ಹಿಡಿದು ಮನೆ ಕಡೆಗೆ ದೂಡುತ್ತಿದ್ದದ್ದು ಅವಳ ಮಾತೇ. ಕೆಸರು ಮೆಲ್ಲಗೆ ಮೇಲೇರುತ್ತಿತ್ತು. ಸಾಯುವುದಕ್ಕೆ ಅವಳು ಹೆದರಲಿಲ್ಲ. ಇವತ್ತು ಬೆಳಿಗ್ಗೆ ಅವನಿಗೆ ಮಧ್ಯಾಹ್ನದ ಊಟ ಉಣ್ಣು ಅಂತ ಹೇಳಿರಲಿಲ್ಲವಲ್ಲ ಅಂತ ನೆನಪಾಗಿ ಅಳು ಬಂತು.

ಆ ಕಾಲದಲ್ಲಿ ಕಾವಿ ಬಟ್ಟೆಯ ಭಿಕ್ಷುಗಳು ನಮ್ಮ ಸೀಮೆಯಲ್ಲಿ ಊರಿಂದೂರಿಗೆ ನಡೆಯುತ್ತಿದ್ದರಂತೆ. ಅಂಥ ಒಬ್ಬ ಮುದುಕ ಭಿಕ್ಷು ಏರಿಯ ಮೇಲೆ ಬರುತ್ತಿದ್ದ. ನೋಡಿದವನೇ ಹೊದ್ದ ಬಟ್ಟೆಯನ್ನು ಹಗ್ಗದ ಹಾಗೆ ಹೊಸೆದು ಎಸೆದ. ಎಳೆದ, ಬಿದ್ದ, ಮತ್ತೆ ಎಳೆದ. ಕೊನೆಗೆ ಇಬ್ಬರೂ ಕೆಸರಿನ ಮುದ್ದೆಗಳಾಗಿ ದಂಡೆಯ ಮೇಲೆ ಕೂತು ಉಸಿರು ಬಿಟ್ಟರು.

"ಎಲ್ಲಿಗೆ ಹೊರಟಿದ್ರಿ ಬುದ್ಧಿ?" ಹೊಂಬಾಳಮ್ಮ ಕೇಳಿದಳು.

"ಕುಂಬಾರರ ಮನೆಗೆ ತಾಯಿ. ಭಿಕ್ಷಾಪಾತ್ರೆ ಒಡೆದುಹೋಯಿತು. ಒಂದು ಮಣ್ಣಿನ ಬಟ್ಟಲು ಬೇಕಿತ್ತು."

"ಮಣ್ಣಿಗೇನು ಬರ ಬುದ್ಧಿ, ಮೈತುಂಬ ಮೆತ್ಕೊಂಡಿದೆ" ಅಂದಳು. ನಕ್ಕಳು. ನಗು ಅಳುವಾಯಿತು. ಮಗನ ಕತೆಯನ್ನೆಲ್ಲ ಹೇಳಿಕೊಂಡಳು. "ನಾನು ಹೇಳಿದ್ದು ಕಡಿಮೆಯಾಯ್ತೇನೋ. ಇನ್ನೇನು ಹೇಳಿಕೊಡಲಿ ಅವನಿಗೆ? ನೀವೇ ಹೇಳಿ."

ಭಿಕ್ಷು ಕೈಗೆ ಅಂಟಿದ ಜೇಡಿಮಣ್ಣನ್ನು ಉಂಡೆ ಮಾಡಿದ. "ಮಡಕೆ ತಟ್ಟುವಾಗ ಒಳಗಡೆ ಏನು ಹಿಡಿಯುತ್ತೀರಿ ತಾಯಿ?"

"ಕಲ್ಲು. ಒಳಗೆ ಕಲ್ಲು ಹಿಡೀದಿದ್ರೆ ಹೊರಗಿಂದ ತಟ್ಟಿದ್ದು ಕುಸಿದುಹೋಯ್ತದೆ."

"ಮಡಕೆಯನ್ನು ಊರಿಗೆ ಕೊಡುವಾಗ?"

"ಕಲ್ಲು ಒಳಗೇ ಬಿಟ್ಟು ಯಾರಾದ್ರೂ ಕೊಡ್ತಾರಾ ಬುದ್ಧಿ? ನೀರು ಎಲ್ಲಿ..." ಅಂದವಳು ಅಲ್ಲಿಗೇ ನಿಲ್ಲಿಸಿದಳು.

ಅವಳಿಗೆ ಕೆಂಪಶೆಟ್ಟಿ ನೆನಪಾದ. ಸಂಜೆ ಬಿಸಿಲು, ಜಗಲಿ, ತೊಡೆಯ ಮೇಲೆ ಅರ್ಧ ಒಣಗಿದ ಮಡಕೆ. ಒಳಗೊಂದು ಕೈ, ಕೈಯಲ್ಲಿ ನುಣ್ಣನೆಯ ಕರಿಕಲ್ಲು. ಹೊರಗೆ ಹಲಗೆ, ಟಪ್ ಟಪ್. ಪಕ್ಕದಲ್ಲಿ ಎರಡು ವರ್ಷದ ಸಿಂಗ ಆ ಸದ್ದಿಗೇ ನಿದ್ದೆ ಹೋಗಿರುತ್ತಿದ್ದ. ತಟ್ಟಿ ಮುಗಿದ ಮೇಲೆ ಕೆಂಪಶೆಟ್ಟಿ ಕಲ್ಲನ್ನು ಹೊರಕ್ಕೆ ತೆಗೆದು, ಮಡಕೆಯ ಬೆನ್ನು ಸವರಿ, "ಇನ್ನು ನಿನ್ನ ಪಾಡು ನಿನಗೆ ಕಣಮ್ಮ" ಅನ್ನುತ್ತಿದ್ದ. ಮಡಕೆಯ ಜೊತೆ ಮಾತಾಡುತ್ತಾನೆ ಅಂತ ಅವಳು ಆಡಿಕೊಳ್ಳುತ್ತಿದ್ದಳು. ಎಷ್ಟು ಒಳ್ಳೆಯ ದಿನಗಳು! ಆಗ ಅವು ಒಳ್ಳೆಯ ದಿನಗಳು ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

"ನಿಮ್ಮ ಗುರುಗಳು ನಿಮಗೆ ಏನೂ ಹೇಳಿಕೊಡಲಿಲ್ವಾ ಬುದ್ಧಿ?" ಕಣ್ಣೊರೆಸಿಕೊಂಡು ಕೇಳಿದಳು.

"ಬಹಳ ಹೇಳಿಕೊಟ್ಟರು ತಾಯಿ. ಕೊನೆಗೆ, ಹೇಳಿಕೊಟ್ಟದ್ದನ್ನೂ ಹೊತ್ತುಕೊಂಡು ತಿರುಗಬೇಡ ಅಂದರು." ಭಿಕ್ಷು ಬೋಳುತಲೆ ಕೆರೆದುಕೊಂಡ. "ಆ ಒಂದು ಮಾತನ್ನು ಮಾತ್ರ ನಲವತ್ತು ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದೇನೆ. ಕೆಳಗಿಡುವುದಕ್ಕೆ ಬರುತ್ತಿಲ್ಲ."

ಇಬ್ಬರೂ ನಕ್ಕರು. ಹೊಂಬಾಳಮ್ಮ ಅವನನ್ನು ಕೇರಿಗೆ ಕರೆದುಕೊಂಡು ಹೋಗಿ, ಇದ್ದುದರಲ್ಲೇ ಒಳ್ಳೆಯ ಬಟ್ಟಲು ಆರಿಸಿ ಕೊಟ್ಟಳು. ಅವನು ಅದನ್ನು ಕುಟ್ಟಿಯೂ ನೋಡದೆ ಜೋಳಿಗೆಗೆ ಹಾಕಿಕೊಂಡು ತನ್ನ ದಾರಿ ಹಿಡಿದ.

ಮನೆಯೊಳಗೆ ಸಿಂಗ ಗೋಡೆಗೆ ಮುಖ ಮಾಡಿ ಕೂತಿದ್ದ. ಮನೆ ಸೇರಿದ ಮೇಲೂ ತಿರುಗಿ ನೋಡಿರಲಿಲ್ಲ. ಅಳುತ್ತಿದ್ದ.

"ನೀನು ಕೂಗಿದ್ದು ಕೇಳಿಸ್ತು ಕಣವ್ವ" ಅಂದ, ಗೋಡೆಗೆ. "ತಿರುಗಿ ನೋಡಬೇಕು ಅನ್ನಿಸ್ತು. ಓಡಿಬರಬೇಕು ಅನ್ನಿಸ್ತು. ಆದ್ರೆ ನೀನೇ ಬ್ಯಾಡ ಅಂದಿದ್ಯಲ್ಲ!"

ಮೂವತ್ತು ವರ್ಷದಲ್ಲಿ ಮೊದಲ ಸಲ ಹೊಂಬಾಳಮ್ಮ ಬಯ್ಯಲಿಲ್ಲ. ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ತಪ್ಪು ನಂದು ಕಣೋ ಮಗ. ನಾನು ಇಲ್ಲೀಗಂಟ ನಿನಗೆ ಏನೇನು ಹೇಳಿಕೊಟ್ಟೆನೋ ಎಲ್ಲಾನೂ ಮರ್ತುಬುಡು. ಎಲ್ಲಾನೂ! ನಿನಗೆ ಏನು ಅನ್ನಿಸ್ತದೋ ಅದನ್ನ ಮಾಡು."

"ಎಲ್ಲಾನೂ?"

"ಎಲ್ಲಾನೂ!"

"ಆಗ್ಲಿ ಕಣವ್ವ!"

ನೋಡಿದಿರಾ? ಭಿಕ್ಷು ಅಷ್ಟು ಹೇಳಿರಲಿಲ್ಲ. ಕಲ್ಲು ತೆಗೆ ಅಂದರೆ ಇವಳು ಮಡಕೆಯನ್ನೇ ಬೋರಲು ಹಾಕಿದಳು. ಮಗ ಯಾರನ್ನು ಹೋಲಿ ಹುಟ್ಟಿದ್ದ ಅಂತ ಈಗ ನಿಮಗೆ ತಿಳಿದಿರಬೇಕು.

ಬೆಳಗಾಯಿತು. ಹೊಂಬಾಳಮ್ಮ ಕಣ್ಣು ಬಿಟ್ಟರೆ ಸಿಂಗ ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವಳ ಮುಖವನ್ನೇ ನೋಡುತ್ತಿದ್ದ.

"ಯಾರು ತಾಯಿ ನೀವು? ಯಾವೂರು?"

"ಏನ್ಲಾ ಹಂಗಂದ್ರೆ? ನಾನು ಕಣ್ಲಾ, ನಿಮ್ಮವ್ವ!"

"ನೀವು ನಮ್ಮವ್ವ ಅಂತ ಹೇಳಿಕೊಟ್ಟೋರು ಯಾರು?"

"ಇನ್ಯಾರು ಹೇಳಿಕೊಡ್ತಾರೆ? ನಾನೇ ಹೇಳಿಕೊಟ್ಟಿದ್ದು, ತೊಟ್ಟಿಲಲ್ಲಿ!"

"ಅದನ್ನೆಲ್ಲ ನೆನ್ನೆ ಮರ್ತುಬುಟ್ಟೆ ತಾಯಿ."

"ಎಲಾ ಇವನ! ಹಂಗಾದ್ರೆ ಮರ್ತುಬುಡು ಅಂದಿದ್ದು ಮಾತ್ರ ಹೆಂಗ್ಲಾ ನೆನಪೈತೆ?"

"ಅದೊಂದೇ ನೆನಪಿರೋದು."

ಹೊಂಬಾಳಮ್ಮ ಹಣೆಗೆ ಕೈ ಎತ್ತಿದಳು. ಬಯ್ಯಬೇಕು ಅಂತ ಬಾಯಿ ತೆರೆದಳು. ಏನು ಬಯ್ದರೂ ಅದೂ ಒಂದು ಬುದ್ಧಿವಾದವಾಗುತ್ತದೆ ಅಂತ ಹೆದರಿ ಬಾಯಿ ಮುಚ್ಚಿದಳು. ಏಳಲು ಹೋದರೆ ಮಂಡಿ ಏಳಲಿಲ್ಲ, ನೆನ್ನೆಯ ಕೆಸರು ಕಾಲನ್ನು ಊದಿಸಿತ್ತು.

"ಅಯ್ಯೋ, ಕಾಲು ಊದ್ಕೊಂಡೈತೆ ತಾಯಿ, ಏಳಬ್ಯಾಡಿ!" ಸಿಂಗ ಎದ್ದ. ಒಲೆ ಹಚ್ಚಿದ. ನೀರು ಕಾಯಿಸಿದ, ಉಪ್ಪು ಹಾಕಿದ, ತನ್ನ ಕೈ ಅದ್ದಿ ಬಿಸಿ ನೋಡಿದ. ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆ ಅದ್ದಿ ಅದ್ದಿ ಶಾಖ ಕೊಟ್ಟ. ರಾಗಿ ಗಂಜಿ ಕಾಸಿದ. ಆರಿಸಿ ಕೊಟ್ಟ. ಅವಳು ಕುಡಿದ ಮೇಲೆ ತಾನೂ ಕುಡಿದ. ಸಾಕಾದಾಗ ತಾನೇ ಎದ್ದ.

ಇದರಲ್ಲಿ ಒಂದನ್ನೂ ಅವಳು ಹೇಳಿಕೊಟ್ಟಿರಲಿಲ್ಲ. ಊದಿದ ಕಾಲಿಗೆ ಶಾಖ ಕೊಡು ಅಂತ ಮೂವತ್ತು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ. ಯಾವ ಊರಿನ ಯಾರೋ ಮುದುಕಿ ಅಂದುಕೊಂಡೇ ಅವನು ಇಷ್ಟನ್ನೂ ಮಾಡಿದ್ದ. ನಾಳೆ ತಾನಿಲ್ಲದಿದ್ದರೂ ಇವನು ಉಣ್ಣುತ್ತಾನೆ, ಇನ್ನೊಬ್ಬರಿಗೆ ಇಕ್ಕಿ ಉಣ್ಣುತ್ತಾನೆ. ಹೊಂಬಾಳಮ್ಮನಿಗೆ ಎದೆಯ ಭಾರ ಇಳಿಯಿತು. ಗಂಜಿಯ ಬಟ್ಟಲಿಗೆ ಕಣ್ಣೀರು ತೊಟ್ಟಿಕ್ಕಿತು.

"ಅಳಬ್ಯಾಡಿ ತಾಯಿ" ಅಂದ ಸಿಂಗ. "ನಿಮಗೆ ಮಕ್ಕಳಿಲ್ವಾ?"

"ಒಬ್ಬ ಅವ್ನೆ."

"ಎಂಥವನು?"

"ಪೆದ್ದ" ಅಂದಳು. ಆಮೇಲೆ ಅಂದಳು, "ಚಿನ್ನದಂಥವನು."

"ಎಲ್ಲವ್ನೆ?"

ಹೊಂಬಾಳಮ್ಮ ಅವನ ಮೀಸೆಗೆ ಅಂಟಿದ ಗಂಜಿಯನ್ನು ಸೆರಗಿನಿಂದ ಒರೆಸಿದಳು.

ಸಿಂಗನಿಗೆ ಸಿಟ್ಟು ಬಂತು. "ಇಂಥ ಅವ್ವನ್ನ ಕಾಲು ಊದಿಸಿ ಬಿಟ್ಟೋಗವ್ನಾ? ನೀವು ಇಲ್ಲೇ ಇರಿ ತಾಯಿ. ಆ ಪೆದ್ದ ಎಲ್ಲಿದ್ರೂ ಹುಡುಕಿ ಎಳ್ಕೊಂಡು ಬತ್ತೀನಿ!"

ಮೂಲೆಯ ಕೋಲು ತೆಗೆದುಕೊಂಡು ಹೊರಟೇಬಿಟ್ಟ. ಹೊಂಬಾಳಮ್ಮ ಕೂಗಬೇಕು ಅಂದುಕೊಂಡಳು, ಕೂಗಲಿಲ್ಲ. ಹೋಗಿ ಬರಲಿ ಬಿಡು ಅಂತ ಜಗಲಿಗೆ ತೆವಳಿಕೊಂಡು ಬಂದು ಕೂತು, ಅವನು ಬೀದಿಯ ತುದಿ ದಾಟುವವರೆಗೂ ನೋಡಿದಳು. ಕೇರಿಯೆಲ್ಲ ಕೇಳುವ ಹಾಗೆ ಅವನು ಕೂಗುವುದು ಕೇಳಿಸುತ್ತಿತ್ತು. "ಲೋ! ಕುಂಬಾರಗೇರಿ ಅಜ್ಜಿ ಮಗನ್ನ ಯಾರಾದ್ರೂ ಕಂಡ್ರಾ? ಪೆದ್ದನಂತೆ! ಚಿನ್ನದಂಥವನಂತೆ!"

ಬಾವಿಕಟ್ಟೆಯಲ್ಲಿ ಕೇಳಿದ. ಪಟೇಲರ ಮನೆಯಲ್ಲಿ ಕೇಳಿದ. ಚಿಕ್ಕಜ್ಜಿಯನ್ನೂ ಕೇಳಿದ, ಅವಳು ಸೊಂಟ ಹಿಡಿದುಕೊಂಡು ಒಳಗೋಡಿದಳು. ಹೊತ್ತು ನೆತ್ತಿಗೆ ಬಂದಾಗ ಸಿಂಗ ಬೆವರು ಸುರಿಸುತ್ತಾ ವಾಪಸು ಬಂದು ಕೋಲನ್ನು ಮೂಲೆಗೆ ಎಸೆದ.

"ಎಲ್ಲೂ ಇಲ್ಲ ತಾಯಿ!"

"ಯಾರೂ ಹೇಳಲಿಲ್ವಾ?"

"ಹೇಳೋದೇನು ಬಂತು! ಕೇಳಿದೋರೆಲ್ಲ ಬೆರಳು ಮಾಡಿ ನನ್ನನ್ನೇ ತೋರಿಸ್ತಾರೆ! ಇಷ್ಟು ದೊಡ್ಡ ಊರಲ್ಲಿ ಒಬ್ಬರಿಗಾದ್ರೂ ಬುದ್ಧಿ ಬ್ಯಾಡ್ವಾ?" ಸಿಂಗ ಅವಳ ಪಕ್ಕದಲ್ಲಿ ಕೂತು, ಊದಿದ ಕಾಲನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡ. "ಹೋಗ್ಲಿ ಬುಡಿ. ಅವನು ಸಿಕ್ಕೋಗಂಟ ನನ್ನನ್ನೇ ಮಗ ಅನ್ಕೊಳ್ಳಿ!"